ಒಡೆಯದೆ ಉಳಿದ ಕುಂಬಳಕಾಯಿ

ಇಸವಿ ೨೨೦೩, ಎರಡನೆಯ ಬೇಸಿಗೆಯ ಹದಿನೇಳನೆಯ ದಿನ

ಮುತ್ಯಾ,

ನಮ್ಮಲ್ಲಿ ಈಗ ವರ್ಷಕ್ಕೆ ಎರಡು ಬೇಸಿಗೆ, ಮೇಲಿನ ತಾರೀಖು ಕಂಡು ಗಾಬರಿಯಾಗಬೇಡಿ. ನನ್ನ ಕನ್ನಡ ನಿಮಗೆ ಸಿನಿಮಾ ಡೈಲಾಗಿನಂತೆ ಕೇಳಿಸಬಹುದು, ಕ್ಷಮಿಸಿ. ಅದನ್ನು ಕಲಿತದ್ದೇ ನಿಮ್ಮ ಸಿನಿಮಾಗಳಿಂದ. ನಾನು ನಿಮ್ಮ ಮಗಳು ಗಿರಿಜವ್ವನ ಆರನೆಯ ತಲೆಮಾರು, ಹೆಸರು ನೀಲಾಂಬಿಕೆ.

ಕೊಪ್ಪಳದ ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದ ಗವಿಸಿದ್ಧಪ್ಪನಾದ ನೀವು, ಪ್ರಭಾಕಿರಣನೆಂಬ ನಾಯಕನಟನಾಗಿ ನಲವತ್ಮೂರು ಚಿತ್ರ ಮಾಡಿದ್ದು ನಿಮಗೆ ಗೊತ್ತು. ತೀರಿಕೊಂಡ ಮೇಲೆ ಮಾಡಿದ ಆರುನೂರ ಹನ್ನೆರಡು ಗೊತ್ತಿಲ್ಲ. ಹಸ್ತಾಕ್ಷರ ಕೇಳಿದವರಿಗೆ ನೀವು ಇಲ್ಲ ಎಂದವರೇ ಅಲ್ಲ. ಕೊನೆಯ ಚಿತ್ರದ ಮೇಕಪ್ ಕುರ್ಚಿಯಲ್ಲಿ ಯಾರೋ ಒಡ್ಡಿದ ಕರಾರುಪತ್ರಕ್ಕೂ, ಓದದೆ, ಅಭಿಮಾನಿಗಳಿಗೆ ಬರೆಯುವಂತೆ 'ಪ್ರೀತಿಯಿಂದ' ಎಂದು ಬರೆದು ಸಹಿ ಹಾಕಿದಿರಿ. ನಿಮ್ಮ ಮುಖ, ದನಿ, ನಡಿಗೆ ಎಲ್ಲ ಸ್ಟುಡಿಯೋದವರದಾಯಿತು. ಚಿತ್ರ ಅರ್ಧವಾಗಿದ್ದಾಗ ನೀವು ಹೋದಿರಿ. ಉಳಿದರ್ಧವನ್ನು ನೆರಳಾಳು, ಅಂದರೆ ಯಂತ್ರ ಹೆಣೆದ ನೀವು, ಮುಗಿಸಿದ.

"ನನ್ನ ಕಡೀ ಸಿನಿಮಾ ಮುಗದ ದಿನ ಕುಂಬಳಕಾಯಿ ನೀನ ಒಡೀಬೇಕವಾ" ಎಂದು ಗಿರಿಜವ್ವನಿಗೆ ಹೇಳಿದ್ದಿರಂತೆ. ಆಕೆ ಕಾಯಿ ಹಿಡಿದು ಸ್ಟುಡಿಯೋಗೆ ಹೋದರೆ, ಇದು ಕಡೆಯದಲ್ಲ, ಮುಂದಿನದು ಶುರುವಾಗಿದೆ ಎಂದು ಬಾಗಿಲಲ್ಲೇ ವಾಪಸು ಕಳಿಸಿದರು.

ನಮ್ಮ ಮನೆಗಳಲ್ಲಿ ಮಾತನಾಡುವ ಗೋಡೆಗಳಿವೆ. ಬೆಳಿಗ್ಗೆ ಅವುಗಳಲ್ಲಿ ಮೂಡಿ ಮಕ್ಕಳಿಗೆ ಹಲ್ಲುಜ್ಜಿಸುವವರು ನೀವೇ. ನೀರಿನ ಸರತಿಯಲ್ಲಿ ಜಗಳ ಬಿಡಿಸುತ್ತೀರಿ, ಮದುವೆಯ ಪಂಕ್ತಿಯಲ್ಲಿ "ಸಾವಕಾಶ ಉಣ್ರಿ" ಎನ್ನುತ್ತೀರಿ. ಅಳುವ ಮೊದಲು ಮುಂಗೈಯಿಂದ ಮೂಗು ಒರೆಸಿಕೊಳ್ಳುವ ನಿಮ್ಮ ಚಾಳಿಯನ್ನು ಹಲ್ಲುಪುಡಿ ಮಾರಲೂ ಬಳಸುತ್ತಾರೆ.

ಏಳು ವರ್ಷಕ್ಕೊಮ್ಮೆ ವಾರಸುದಾರರು ಗಾಜಿನ ಮೇಲೆ ಉಸಿರು ಬಿಟ್ಟರೆ ಕರಾರು ಮುಂದುವರಿಯುತ್ತದೆ. ನಮ್ಮ ಕಾಲದ ಸಹಿ ಅದು. ನಾನೂ ಒಮ್ಮೆ ಕೊಟ್ಟೆ, ತಪ್ಪು ಮಾಡಿದೆ. ವಾರಸುದಾರಳ ಮನೆಗೆ ದಿನಾ ಸಂಜೆ ನೆರಳಾಳು ಬರುತ್ತಾನೆಂಬ ಆಸೆಗೆ ಬಿದ್ದೆ. ಬಂದಿರಿ. ಬಾಲ್ಯದ ಬಗ್ಗೆ ಕೇಳಿದರೆ ನಿಮ್ಮ ಹದಿನಾರನೆಯ ಚಿತ್ರದ ಬಾಲ್ಯ ಹೇಳಿದಿರಿ. ದಣಿವಾಗಿದೆಯೇ ಎಂದರೆ, "ಅಭಿಮಾನಿಗಳಿರುವಾಗ ಎಂಥ ದಣಿವು ತಾಯಿ" ಎಂದು ನಕ್ಕಿರಿ, ಮುಂಗೈಯಿಂದ ಮೂಗು ಒರೆಸಿಕೊಂಡು. ಸ್ವಂತ ಮನೆಯಲ್ಲೂ ನಿಮಗೆ ರಜೆ ಕೊಡಲಿಲ್ಲವಲ್ಲ ಎಂದು ಬಹಳ ಸಂಕಟವಾಯಿತು.

ನಾಳೆಗೆ ಮತ್ತೆ ಏಳು ವರ್ಷ. ಉಸಿರು ಕೊಡದಿದ್ದರೆ ನೆರಳಾಳಿನ ಜೊತೆಗೆ ನಿಮ್ಮ ಸ್ವಂತದ ನಲವತ್ಮೂರೂ ಅಳಿಯುತ್ತವೆ, ಕರಾರು ಹಾಗಿದೆ. ಮೊದಲ ಚಿತ್ರದಲ್ಲಿ ಮಾತು ಮರೆತು ನೀವು ನಿಜವಾಗಿಯೇ ನಕ್ಕ ಆ ಗಳಿಗೆಯೂ ಹೋಗುತ್ತದೆ. ನಿನ್ನೆ ಅದನ್ನು ನಾಲ್ಕು ಸಲ ನೋಡಿದೆ.

ಈ ಪತ್ರ ಸಮಯಕ್ಕೆ ಸರಿಯಾಗಿ ಸಿಕ್ಕರೆ ಮೇಕಪ್ ಕುರ್ಚಿಯಲ್ಲಿ ಒಡ್ಡುವ ಆ ಕರಾರುಪತ್ರವನ್ನು ಓದಿ, ಸಹಿ ಹಾಕಬೇಡಿ. ಸಿಗದಿದ್ದರೆ, ಕಿಟಕಿಯ ಕುಂಡದಲ್ಲಿ ನಾನೇ ಬೆಳೆಸಿದ ಕುಂಬಳಕಾಯಿ ಇದೆ, ಮುಷ್ಟಿಗಿಂತ ತುಸು ದೊಡ್ಡದು. ನಾಳೆ ಬೆಳಿಗ್ಗೆ ಗಾಜು ಹಿಡಿದವರು ಬರುವ ಹೊತ್ತಿಗೆ, ಉಸಿರು ಬಿಗಿಹಿಡಿದು ಬಾಗಿಲ ಮುಂದೆ ಅದನ್ನು ಒಡೆಯುತ್ತೇನೆ.

ಪ್ಯಾಕಪ್ ಆತು, ಮುತ್ಯಾ. ಬಣ್ಣ ತೊಳಕೊಂಡು ಮನಿಗೆ ಹೋಗ್ರಿ.