ಬಂದೂಕಿಲ್ಲದೆ ಬರುತ್ತೇನೆ

ಸ್ಟ್ರಾಂಜಾ, ಬಲ್ಗೇರಿಯ
ಆಗಸ್ಟ್ ೧೨

ಯೆರ್ನೆಯ್ ಅಣ್ಣನಿಗೆ ಕಾಮೆನ್ ಮಾಡುವ ವಂದನೆ.

ನಿಮ್ಮ ಪತ್ರ ತಲುಪಿತು. ಹೋದ ವರ್ಷ ನೀವು ನಮ್ಮ ಕಾಡಿನಲ್ಲಿ ಹಂದಿ ಬೇಟೆಯಾಡಿದಿರಿ. ಮಾತಾದಂತೆ ಈ ಸಲ ನಿಮ್ಮ ಸ್ಲೊವೇನಿಯದ ಬೆಟ್ಟದಲ್ಲಿ ಕಾಡುಮೇಕೆಯ ಬೇಟೆಗೆ ನನ್ನ ಸರದಿ. ಬರುತ್ತೇನೆ, ಆದರೆ ಬಂದೂಕು ತರುವುದಿಲ್ಲ.

ಕಾರಣವನ್ನು ಮನೆಯಲ್ಲೂ ಹೇಳಿಲ್ಲ. "ಬಂದೂಕಿಗೆ ಜೇಡ ಬಲೆ ಕಟ್ತಾ ಇದೆಯಲ್ಲೋ, ಹಂದಿಗೆ ಹೆದರಿಬಿಟ್ಯಾ?" ಎಂದು ಹೆಂಡತಿ ರಾಡ್ಕಾ ಛೇಡಿಸುತ್ತಾಳೆ.

ನಮ್ಮಲ್ಲಿ ಕೆಲವರು ಹಂದಿಯನ್ನು ಅಟ್ಟಿಕೊಂಡು ಬರುತ್ತಾರೆ, ಉಳಿದವರು ಸಾಲಾಗಿ ಕಾದು ನಿಲ್ಲುತ್ತಾರೆ. ಕೊಂಬು ಊದುವವರೆಗೆ ಯಾರೂ ನಿಂತ ಜಾಗ ಬಿಡುವಂತಿಲ್ಲ. ಇದು ಎಲ್ಲರಿಗೂ ಗೊತ್ತಿರುತ್ತದೆಂದು ನಾನು ನಿಮಗೆ ಹೇಳಲೇ ಇಲ್ಲ. ನೀವೋ ಬೆಟ್ಟದಲ್ಲಿ ಒಬ್ಬರೇ ಬೇಟೆಯಾಡಿ ರೂಢಿಯಾದವರು. ಗುಂಡು ತಗುಲಿದ ಹಂದಿಯ ರಕ್ತದ ಜಾಡು ಹಿಡಿದು ಹೊರಟೇಬಿಟ್ಟಿರಿ.

ನನ್ನೆದುರಿನ ಪೊದೆ ಅಲ್ಲಾಡಿತು. ಕಂದು ಬೆನ್ನೊಂದು ಬಗ್ಗಿಕೊಂಡು ಬರುತ್ತಿತ್ತು. ಗುರಿಯಿಟ್ಟು ಟ್ರಿಗರ್ ಅರ್ಧ ಎಳೆದಿದ್ದೆ. ಅಷ್ಟರಲ್ಲಿ ಆ ಬೆನ್ನು ಯಾವುದೋ ಹಾಡಿನ ಧಾಟಿಯಲ್ಲಿ ಶಿಳ್ಳೆ ಹಾಕಿತು.

"ಏನಪ್ಪಾ ಕಾಮೆನ್, ದೆವ್ವ ಕಂಡೋನ ಥರ ನಿಂತಿದ್ದೀಯಲ್ಲ!" ಎಂದು ನೀವು ನಕ್ಕಿರಿ. ನಾನೂ ನಕ್ಕೆ.

ಅಂದಿನಿಂದ ಬಂದೂಕು ಮುಟ್ಟಿಲ್ಲ; ಪೊದೆ ಅಲ್ಲಾಡಿದರೆ ಸಾಕು, ಶಿಳ್ಳೆ ಕೇಳುತ್ತದೆಯೇ ಎಂದು ಕಿವಿಗೊಡುತ್ತೇನೆ. ಇದನ್ನು ಓದಿದ ಮೇಲೆ ಬರಬೇಡವೆಂದರೂ ನನಗೆ ಬೇಸರವಿಲ್ಲ. ಬಾ ಎಂದರೆ ನಿಮ್ಮ ಚೀಲ ಹೊತ್ತು ಹಿಂದೆ ಬರುತ್ತೇನೆ. ಒಂದೇ ಕೋರಿಕೆ: ದಾರಿಯುದ್ದಕ್ಕೂ ನಾನು ಶಿಳ್ಳೆ ಹಾಕುತ್ತಲೇ ಇರುತ್ತೇನೆ. ಮೇಕೆ ಬೆದರಿ ಓಡಿತೆಂದು ಬೈಯಬೇಡಿ.

ನಿಮ್ಮ
ಕಾಮೆನ್