ಇಸ್ತ್ರಿ ಕೋಣೆಯ ಸಮುದ್ರ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಪತ್ರಕ್ಕೂ ಉತ್ತರ ಕೊಡದೆ ಕೂತವಳನ್ನು ಮೊದಲು ಬೈದುಬಿಡು, ಆಮೇಲೆ ಓದು. ಬರೆಯಲು ಕೂತಾಗಲೆಲ್ಲ ಎರಡು ಸಾಲು ಗೀಚಿ ಹರಿದುಹಾಕುತ್ತಿದ್ದೆ. ಪಾಪುವಿಗೆ ಹಲ್ಲು ಬಂದ ಸುದ್ದಿಯನ್ನು ಅಪ್ಪ ಬೀದಿಗೆಲ್ಲ ಸಾರಿ ಬಂದಿದ್ದಾನೆ. ಭಾವನಿಗೆ ನಮಸ್ಕಾರ ಹೇಳು. ಕಾರ್ಮಿಕ ಸಂಘದ ಕರಪತ್ರ ಓದಿ ಓದಿ ನಾದಿನಿಯ ತಲೆ ಕೆಟ್ಟಿದೆ ಎಂದು ಅವರು ಹೇಳಿದ್ದು ನನಗೆ ತಲುಪಿದೆ ಎಂದೂ ಹೇಳು.

ನಿನ್ನ ಅಂಗಡಿಯಿಂದ ಕಳಿಸಿದ ಹೀಲ್ಸ್ ಬೂಟು ಸರಿಹೋಯಿತೇ ಎಂದು ಕೇಳಿದ್ದೀಯ. ಅಳತೆ ಸರಿಯಾಗಿದೆ. ಉಳಿದದ್ದು ಕೊನೆಗೆ.

ಅಪ್ಪ ದುಡಿದ ಆ ದೊಡ್ಡ ಹಡಗನ್ನು ಈಗ ಹಳೇ ಬಂದರಿನಲ್ಲಿ ಕಟ್ಟಿಹಾಕಿ ಹೋಟೆಲು ಮಾಡಿದ್ದಾರೆ. ವಿಮಾನದ ಟಿಕೆಟ್ ಅಗ್ಗವಾದ ಮೇಲೆ ವಾರಗಟ್ಟಲೆ ನೀರಿನ ಮೇಲೆ ಕೂರುವವರು ಯಾರು? ತುಕ್ಕಿನ ಮೇಲೆ ಬಿಳಿ ಬಣ್ಣ ಬಳಿದಿದ್ದಾರೆ. ಉಗುರಿನಿಂದ ಕೆರೆದೆ, ಹಕ್ಕಳೆಯ ಹಾಗೆ ಎದ್ದು ಬಂತು. ಹಳೆಯ ಪ್ರಯಾಣಿಕರನ್ನು ಕರೆಸಿ ಅಲ್ಲಿ ನೆನಪಿನ ಔತಣ ಇಟ್ಟಿದ್ದರು. ಕೆಲಸಗಾರರ ಪರವಾಗಿ ಎರಡು ಮಾತಾಡಿ ಎಂದು ಅಪ್ಪನನ್ನೂ ಕರೆದಿದ್ದರು.

ಗುಂಗುರು ಮಾವನ ವಿಷಯ ಅಲ್ಲಿ ಹೇಳಲೇಬೇಕು ಎಂದು ನಾನು ಹಟ ಹಿಡಿದೆ. ನಿನಗೆ ಗೊತ್ತಿರುವ ಕಥೆಯೇ, ಆದರೂ ಬರೆಯದಿದ್ದರೆ ನನಗೆ ಉಸಿರು ಕಟ್ಟುತ್ತದೆ. ಅಪ್ಪನೂ ಗುಂಗುರು ಕೂದಲಿನ ಆ ಗೆಳೆಯನೂ ಒಂದೇ ಇಸ್ತ್ರಿ ಮೇಜಿನ ಆಚೀಚೆ ನಿಂತವರು. ಹಡಗಿನ ಹೊಟ್ಟೆಯಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯಿಲ್ಲದ ಕೋಣೆ. ಮೇಲಿನವರು ದಿನಕ್ಕೆ ನಾಲ್ಕು ಸಲ ಬಟ್ಟೆ ಬದಲಿಸಿದರೆ ಕೆಳಗಿನವರು ನಾಲ್ಕು ಸಲ ಹಬೆಯಲ್ಲಿ ಬೇಯಬೇಕು. “ಸಮುದ್ರ ನೋಡ್ಬೇಕು ಅಂದ್ರೆ ರಜಾ ಹಾಕಿ ಮನೆಗೆ ಬರ್ಬೇಕಿತ್ತು” ಎಂದು ಅಪ್ಪ ನಗಿಸುತ್ತಿದ್ದ. ಸೆಖೆ ಏರಿದ ಒಂದು ಮಧ್ಯಾಹ್ನ ಗುಂಗುರು ಮಾವ ಮೇಜಿನ ಮೇಲೇ ಕುಸಿದ. ಮತ್ತೆ ಏಳಲಿಲ್ಲ. ಮರುದಿನ ಬೆಳಕು ಹರಿಯುವ ಮುಂಚೆ ಹಡಗಿನ ಹಿಂಬದಿಯಿಂದ ನೀರಿಗೆ ಬಿಟ್ಟರು. “ಪ್ರಯಾಣಿಕರ ತಿಂಡಿ ಹೊತ್ತಲ್ಲಿ ಸಾವಿನ ಮಾತು ಬೇಡ” ಎಂದನಂತೆ ಅಧಿಕಾರಿ. ಹೆಣ ಸುತ್ತಿದ ಬಟ್ಟೆಗೆ ಇಸ್ತ್ರಿ ಹಾಕಿದ್ದು ಅಪ್ಪ. ಹಾಕು ಎಂದು ಯಾರೂ ಹೇಳಿರಲಿಲ್ಲ.

ಇನ್ನು ಆ ಗೋಡೆಯ ನಿಯಮ. ಬಟ್ಟೆ ಹೊತ್ತು ಮೇಲಿನ ಕಾರಿಡಾರಿಗೆ ಹೋದಾಗ ಪ್ರಯಾಣಿಕರ ಬೂಟಿನ ಸದ್ದು ಕೇಳಿದರೆ ಕೆಲಸದವನು ಗೋಡೆಗೆ ಮುಖ ಮಾಡಿ ನಿಲ್ಲಬೇಕು, ಸದ್ದು ದಾಟಿ ಹೋಗುವ ತನಕ. ಅಪ್ಪ ರಜೆಗೆ ಬಂದಾಗ ಅದೇ ನಮಗೆ ಆಟವಾಗಿತ್ತಲ್ಲ. ನೀನು ಅಮ್ಮನ ಚಪ್ಪಲಿ ಮೆಟ್ಟಿ ಟಪಟಪ ಬರುತ್ತಿದ್ದೆ, ಅಪ್ಪನೂ ನಾನೂ ಗೋಡೆಗೆ ಮೂಗು ಒತ್ತಿ ಕಿಸಕ್ಕೆಂದು ನಗುತ್ತಿದ್ದೆವು. ಈಗ ನೆನೆದರೆ ಆ ನಗುವೇ ಹೇಸಿಗೆ.

ಅಪ್ಪನಿಗೆಂದು ಒಂದು ಭಾಷಣ ಬರೆದುಕೊಟ್ಟೆ. ಎರಡು ಸಾಲು ಓದಿ ಕನ್ನಡಕ ತೆಗೆದಿಟ್ಟ. “ಇದನ್ನ ಓದೋಕೆ ನಂಗೆ ಬೇರೆ ಹಲ್ಲುಸೆಟ್ಟೇ ಬೇಕು ಪುಟ್ಟಿ. ಗುಂಗುರು ವಿಷ್ಯ ತಾನೆ? ನನ್ನ ಮಾತಲ್ಲೇ ಹೇಳ್ತೀನಿ ಬಿಡು.” ನಂಬಿದೆ.

ಔತಣದ ಬಗ್ಗೆ ಏನು ಬರೆಯಲಿ? ಕೈ ಒರೆಸುವ ಬಟ್ಟೆಗೂ ಅತ್ತರು ಹಾಕಿದ್ದರು. ಅದರ ಕೆಳಗಿಂದ ಹಳೇ ಎಣ್ಣೆಯ ಕಮಟು ಬಂದೇ ಬರುತ್ತಿತ್ತು. ಮುತ್ತಿನ ಸರದ ಮುದುಕಿಯೊಬ್ಬಳು ಎದ್ದು, “ಆಗೆಲ್ಲ ಪ್ರಯಾಣ ಅಂದ್ರೆ ಪ್ರಯಾಣ. ಈಗ ವಿಮಾನಕ್ಕೂ ಬಸ್ಸಿನ ಹಾಗೆ ಯಾರ್ಯಾರೋ ಹತ್ತುತ್ತಾರೆ” ಎಂದಳು. ಆಮೇಲೆ ಗಡ್ಡಕ್ಕೆ ಸಾರು ಅಂಟಿಸಿಕೊಂಡಿದ್ದ ಮುದುಕ: “ಸಮುದ್ರದ ಗಾಳಿ ಎಂಥದ್ದು ಅಂತೀರಿ. ಹೋಗ್ತಾ ಬರ್ತಾ ಹಡಗಲ್ಲಿ ಒಬ್ಬರಿಗೂ ಒಂದು ನೆಗಡಿ ಬರಲಿಲ್ಲ.” ನಾನು ಮೇಜಿನ ಕೆಳಗೆ ಅಪ್ಪನ ಮಂಡಿ ತಿವಿದೆ. ಈಗ, ಈಗ ಹೇಳು ಅಂತ.

ಅಪ್ಪ ಎದ್ದ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. “ತಾವೆಲ್ಲ ದೊಡ್ಡೋರು. ತಮ್ಮ ಬಟ್ಟೆಗೆ ಒಂದು ಸುಕ್ಕು ಬರದ ಹಾಗೆ ನೋಡ್ಕೊಂಡ್ವಿ. ಅದೇ ನಮ್ಮ ಪುಣ್ಯ” ಎಂದು ಕೈಮುಗಿದು ಕೂತುಬಿಟ್ಟ. ಚಪ್ಪಾಳೆಯೋ ಚಪ್ಪಾಳೆ. ಮುದುಕಿ ಕಣ್ಣೊರೆಸಿಕೊಂಡಳು. ಬಾಯಲ್ಲಿದ್ದ ತುತ್ತನ್ನು ನಾನು ಆ ಅತ್ತರಿನ ಬಟ್ಟೆಗೇ ಉಗುಳಿದೆ.

ಬಸ್ಸಿನಲ್ಲಿ ಕೇಳಿದೆ. “ಗುಂಗುರು ಮಾವ ಎಲ್ಲಿ ಹೋದ?”

“ಎಲ್ರೂ ಊಟಕ್ಕೆ ಕೂತಿದ್ರಲ್ಲೇ. ತಟ್ಟೆ ಮುಂದೆ ಸತ್ತೋರ ಮಾತು ಯಾಕೆ?”

ಆ ಅಧಿಕಾರಿಯ ಮಾತೇ, ಅಕ್ಕ. ಇಷ್ಟು ವರ್ಷ ಒಂದು ಸುಕ್ಕೂ ಬರದ ಹಾಗೆ ಮಡಿಸಿಟ್ಟುಕೊಂಡಿದ್ದಾನೆ. ಹೇಡಿ ಎಂದುಬಿಟ್ಟೆ. ಅಪ್ಪ ಕಿಟಕಿಯಾಚೆ ನೋಡುತ್ತಾ, “ನಿಂಗೂ ಬಾಯಿತ್ತಲ್ಲ ಪುಟ್ಟಿ” ಅಂದ. ನನ್ನನ್ನು ಯಾರೂ ಕರೆದಿರಲಿಲ್ಲ ಅಂದೆ. ಕರೆಯುವ ತನಕ ಕಾಯಬೇಡ ಎಂದು ನನ್ನ ಕರಪತ್ರಗಳಲ್ಲೇ ಇದೆ. ಅಂದಿನಿಂದ ನಾವಿಬ್ಬರೂ ಉಪ್ಪು ಬೇಕೇ, ನೀರು ಬೇಕೇ ಎಂಬಷ್ಟೇ ಮಾತಾಡುತ್ತಿದ್ದೇವೆ.

ಗುಂಗುರು ಮಾವನ ಕಥೆಯನ್ನು ನಾನೇ ಅಚ್ಚು ಹಾಕಿಸುತ್ತಿದ್ದೇನೆ. ಮುಂದಿನ ಔತಣದ ದಿನ ಹಡಗಿನ ಏಣಿಯ ಬುಡದಲ್ಲಿ ನಿಂತು ಹಂಚುತ್ತೇನೆ. ತಿಂದದ್ದು ಅವರಿಗೆ ದಕ್ಕದಿರಲಿ. ಭಾವ ಏನು ಬೇಕಾದರೂ ಅಂದುಕೊಳ್ಳಲಿ.

ಪಾಪುವಿನ ಎರಡೂ ಕೆನ್ನೆಗೆ ಚಿಕ್ಕಮ್ಮನ ಮುತ್ತು. ತಲೆಯೆತ್ತಿ ನಡೆಯುವ ಹಾಗೆ ಬೆಳೆಯಲಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮೆಣಸಿನಕಾಯಿ

ತಾ.ಕ.: ಬೂಟನ್ನು ಅಂಚೆಯಲ್ಲಿ ವಾಪಸ್ ಕಳಿಸಿದ್ದೇನೆ. ಔತಣದ ದಿನ ಊಟಕ್ಕೆ ಮುಂಚೆ ಅಪ್ಪ ಕಾಣದೆ ಹುಡುಕುತ್ತಾ ಮೇಲಿನ ಕಾರಿಡಾರಿಗೆ ಹೋಗಿದ್ದೆ. ಮರದ ನೆಲ, ಅದರ ಮೇಲೆ ನಿನ್ನ ಬೂಟಿನ ಸದ್ದು. ಆ ತುದಿಯಲ್ಲಿ ನನಗೆ ಬೆನ್ನು ಮಾಡಿ ನಿಂತಿದ್ದ ಅಪ್ಪ ಸರಕ್ಕನೆ ಗೋಡೆಗೆ ತಿರುಗಿದ. ನಮ್ಮ ಹಳೇ ಆಟ ಎಂದುಕೊಂಡೆ. ನಗು ತಡೆದುಕೊಂಡು ಇನ್ನೂ ಜೋರಾಗಿ ಹೆಜ್ಜೆ ಹಾಕಿದೆ. ಹತ್ತಿರ ಹೋದರೆ ಕತ್ತೆಲ್ಲ ಬೆವರು, ಕೈಗಳೆರಡೂ ತೊಡೆಗೆ ಅಂಟಿದ್ದವು, ಹಣೆ ಗೋಡೆಗೆ ತಾಗಿತ್ತು. ನಿಲ್ಲದೆ ದಾಟಿಹೋದೆ. ತಿರುವಿನಲ್ಲಿ ಬೂಟು ಕಳಚಿ ಬರಿಗಾಲಲ್ಲಿ ಹಿಂದೆ ಬಂದೆ. ಆಗ ಅಪ್ಪ ತಿರುಗಿದ. “ಬಂದ್ಯಾ ಪುಟ್ಟಿ? ಈಗ ಹೋದೋರು ಯಾರು, ನೋಡಿದ್ಯಾ?”

ಬೂಟನ್ನು ಬೆನ್ನ ಹಿಂದೆ ಹಿಡಿದುಕೊಂಡು, “ಯಾರೋ, ಗೊತ್ತಿಲ್ಲಪ್ಪ” ಅಂದೆ.