ಗೆಣಸಿನ ತೋಟಕ್ಕೆ ನುಗ್ಗಿದ ವಿಮಾನ

ಕೊಂಡಿಗಲ್ ಹಳ್ಳಿ, ಪಪುವಾ ನ್ಯೂಗಿನಿ

ವಿಮಾನದ ಮಾಲೀಕರಾದ ಡ್ಯಾಗ್ವೆಲ್ ಸಾಹೇಬರಿಗೆ,

ಗಾಬರಿಯಾಗಬೇಡಿ, ಯಾರೂ ಸತ್ತಿಲ್ಲ! ನಿಮ್ಮ ವಿಮಾನ ನಮ್ಮೂರ ಹುಲ್ಲಿನ ರನ್‌ವೇ ಮೇಲೆ ಇಳಿದದ್ದೇನೋ ಇಳಿಯಿತು, ಆದರೆ ನಿಲ್ಲಲಿಲ್ಲ. ಬೇಲಿ ಮುರಿದು ಸೀದಾ ನನ್ನ ಗೆಣಸಿನ ತೋಟಕ್ಕೆ ನುಗ್ಗಿ, ಮೂತಿಯ ತುಂಬ ಬಳ್ಳಿ ಸುತ್ತಿಕೊಂಡು ನಿಂತಿತು. ಊರಿಗೆ ಊರೇ ಓಡಿಬಂತು. "ಥೇಟ್ ಹಂದಿನೇ ಕಣ್ರೋ!" ಅಂತ ನಮ್ಮತ್ತೆ ಚಪ್ಪಾಳೆ ತಟ್ಟಿ ನಕ್ಕರು.

ನಿಮ್ಮ ಪೈಲಟ್ ಇಸಾಕ್ ಮಾತ್ರ ಚಕ್ರದ ಹತ್ತಿರ ಕೂತು ಅತ್ತೇಬಿಟ್ಟ. ಬ್ರೇಕ್ ಪೈಪು ಸೋರುತ್ತಿದೆ, ಹೊಸದು ಕೊಡಿ ಅಂದರೆ "ಟೇಪ್ ಸುತ್ಕೊಂಡು ಹೋಗೋ" ಅಂದಿರಂತೆ. ಆ ಟೇಪನ್ನು ನಾನೂ ನೋಡಿದೆ.

ಹಂದಿ ತೋಟಕ್ಕೆ ನುಗ್ಗಿದರೆ ನಾವು ಹಂದಿಯನ್ನು ಬೈಯುವುದಿಲ್ಲ. ಕಟ್ಟಿಹಾಕಿ ಯಜಮಾನನನ್ನು ಕರೆಸುತ್ತೇವೆ. ಅದಕ್ಕೇ ವಿಮಾನವನ್ನು ಎಲ್ಲರೂ ಸೇರಿ ಹೊರಗೆಳೆದು, ಕಾಲಿಗೆ ಹಗ್ಗ ಬಿಗಿದು ಮರಕ್ಕೆ ಕಟ್ಟಿದ್ದೇವೆ. ಇಸಾಕನಿಗೆ ಹೊಟ್ಟೆ ತುಂಬ ಊಟ ಹಾಕಿ, ಈ ಪತ್ರ ಕೊಟ್ಟು ಕಳಿಸುತ್ತಿದ್ದೇನೆ. ಅವನನ್ನೂ ಬೈಯಬೇಡಿ.

ದುಡ್ಡು ಬೇಡ. ಹೊಸ ಪೈಪು ಹಿಡಿದು, ಮೆಕ್ಯಾನಿಕನನ್ನೂ ಇಸಾಕನನ್ನೂ ಕರೆದುಕೊಂಡು ನೀವೇ ಬೆಟ್ಟ ಹತ್ತಿ ಬನ್ನಿ. ರಿಪೇರಿ ನಮ್ಮ ಕಣ್ಣೆದುರೇ ಆಗಲಿ. ಆಮೇಲೆ ಇಸಾಕ್ ಓಡಿಸಲಿ, ಮೊದಲು ನೀವೇ ಅದರಲ್ಲಿ ಕೂತು, ಊರ ಮೇಲೊಂದು ಸುತ್ತು ಹಾಕಿ ಇಳಿಯಿರಿ. ಇಳಿದ ಮೇಲೆ ನಿಲ್ಲುತ್ತದಲ್ಲ, ಆಗ ನಾವು ಕುಣಿಯುತ್ತೇವೆ!

ಬೇಗ ಬನ್ನಿ. ನನ್ನ ಮಗಳು ತುಂಬು ಬಸುರಿ, ಮಗು ಅಡ್ಡ ತಿರುಗಿದೆ. ಬೆಟ್ಟ ಇಳಿಯಲು ಅವಳ ಕೈಲಾಗದು. ಆಸ್ಪತ್ರೆ ಸೇರಬೇಕೆಂದರೆ ನಮಗಿರುವುದು ನಿಮ್ಮ ಹಂದಿಯೊಂದೇ.

ನಿಮ್ಮ ದಾರಿ ಕಾಯುತ್ತಿರುವ,
ರೋಸಾ ವಾಗಿ